ಓದುಗರ ಪ್ರಶ್ನೆ: ದ್ವೀಪದ ಯೋಧ-ಮಾಂತ್ರಿಕನನ್ನು ಕಟ್ಟುವುದು ಹೇಗೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ (ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸಿ ಕಥೆ ಕಟ್ಟುವ ಆಟ) ಆಡುವ ಓದುಗರಿಂದ ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಬಗೆಯ ಪಾತ್ರದ ಬಗ್ಗೆ ಇವೆ: ದ್ವೀಪದ ಬುಡಕಟ್ಟಿನವನು, ಈಟಿ ಹಿಡಿದು ಮಂತ್ರವನ್ನೂ ಬಲ್ಲವನು. ಕೆಳಗಿನ ಅಂಕಿಗಳು ಐದನೇ ಆವೃತ್ತಿಯ 2014ರ ನಿಯಮಗಳವು. 2024ರಲ್ಲಿ ಬದಲಾದದ್ದನ್ನು ಅಗತ್ಯವಿದ್ದ ಕಡೆ ಹೇಳಿದ್ದೇವೆ.

ಪ್ರಶ್ನೆ: ಬುಡಕಟ್ಟಿನ ಯೋಧ ಎಂದು ಬಾರ್ಬೇರಿಯನ್ ಕ್ಲಾಸ್ (ಪಾತ್ರದ ವೃತ್ತಿ) ತೆಗೆದುಕೊಂಡೆ. ಮಂತ್ರಕ್ಕಾಗಿ ಎರಡು ಲೆವೆಲ್ ಸಾರ್ಸರರ್ (ಮಾಂತ್ರಿಕ) ಸೇರಿಸಿದೆ. ಆದರೆ ಕಾಳಗ ಶುರುವಾದ ಮೇಲೆ ಮಂತ್ರ ಹಾಕಲು ನಮ್ಮ ಡಿಎಂ (ಆಟ ನಡೆಸುವವರು) ಬಿಡುತ್ತಿಲ್ಲ. ಇದು ಸರಿಯೇ? (ಮೈಸೂರು)

ನಿಮ್ಮ ಡಿಎಂ ಹೇಳುತ್ತಿರುವುದು ಸರಿ. ರೇಜ್‌ನಲ್ಲಿರುವಾಗ, ಅಂದರೆ ಬಾರ್ಬೇರಿಯನ್ ಕಾಳಗದಲ್ಲಿ ಆವೇಶಕ್ಕೆ ಬಂದಾಗ, ಹೊಸ ಮಂತ್ರ ಹಾಕುವಂತಿಲ್ಲ, ಮೊದಲೇ ಹಾಕಿದ ಮಂತ್ರದ ಮೇಲೆ ಕಾನ್ಸಂಟ್ರೇಷನ್ (ಮಂತ್ರ ಮುಂದುವರಿಯಲು ಬೇಕಾದ ಏಕಾಗ್ರತೆ) ಉಳಿಸಿಕೊಳ್ಳುವಂತೆಯೂ ಇಲ್ಲ. ಬಾರ್ಬೇರಿಯನ್‌ನ ಬಲವೆಲ್ಲ ಇರುವುದು ರೇಜ್‌ನಲ್ಲೇ. ಹಾಗಾಗಿ ನಿಮ್ಮ ಪಾತ್ರದ ಎರಡು ಅರ್ಧಗಳು ಒಂದಕ್ಕೊಂದು ಅಡ್ಡ ನಿಂತಿವೆ.

'ಬುಡಕಟ್ಟು' ಎಂದೊಡನೆ ಕೈ ಬಾರ್ಬೇರಿಯನ್ ಕಡೆಗೆ ಹೋಗುವುದನ್ನು ಬಿಡುವುದು ಒಳ್ಳೆಯದು. ದ್ವೀಪದ ಸಮಾಜಗಳಲ್ಲಿ ಯುದ್ಧವಿದ್ಯೆ ಎಂದರೆ ವರ್ಷಗಟ್ಟಲೆ ಗುರುವಿನ ಬಳಿ ಕಲಿತ ಹೆಜ್ಜೆ, ಪಟ್ಟು, ಶಿಸ್ತು. ಅದಕ್ಕೆ ಹೊಂದುವುದು ಫೈಟರ್ ಕ್ಲಾಸ್, ಅದರಲ್ಲೂ ಮೂರನೇ ಲೆವೆಲ್‌ನಲ್ಲಿ ಸಿಗುವ, ಮಂತ್ರವನ್ನೂ ಕಲಿಯುವ ಎಲ್ಡ್ರಿಚ್ ನೈಟ್ ಎಂಬ ಉಪವಿಭಾಗ. ಮಂತ್ರವನ್ನು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳುವ ಕಟ್ಟುಪಾಡೂ ಇದಕ್ಕಿಲ್ಲ. ಬಾಯಿಂದ ಬಾಯಿಗೆ ವಿದ್ಯೆ ದಾಟುವ ಜನರಿಗೆ ಇದು ಸಹಜವಾಗಿ ಕೂಡುತ್ತದೆ.

ಕಡಲಿನ ಶಕ್ತಿಯೇ ಮುಖ್ಯ, ಆಯುಧ ಎರಡನೆಯದು ಎನ್ನುವುದಾದರೆ 2020ರಲ್ಲಿ ಬಂದ ಫ್ಯಾದಮ್‌ಲೆಸ್ ವಾರ್‌ಲಾಕ್ (ಆಳಗಡಲಿನ ಶಕ್ತಿಯೊಂದರಿಂದ ಮಂತ್ರ ಪಡೆಯುವವನು) ನೋಡಿ. ಮೊದಲ ಲೆವೆಲ್‌ನಲ್ಲೇ 40 ಅಡಿ ಈಜುವೇಗವೂ ನೀರೊಳಗೆ ಉಸಿರಾಟವೂ ಸಿಗುತ್ತವೆ. ಆದರೆ ಅವನಿಗೆ ಹಗುರ ಕವಚ ಮಾತ್ರ. ಎದುರಿನ ಸಾಲಿನಲ್ಲಿ ನಿಂತರೆ ಬೇಗ ಬೀಳುತ್ತಾನೆ.

ಪ್ರಶ್ನೆ: ಎಲ್ಡ್ರಿಚ್ ನೈಟ್‌ನ ಅಂಕಗಳನ್ನು ಹೇಗೆ ಹಂಚಬೇಕು, ಯಾವ ಮಂತ್ರ ಆರಿಸಬೇಕು? ನನ್ನ ಮಂತ್ರಗಳನ್ನು ಶತ್ರುಗಳು ಪ್ರತಿಸಲವೂ ತಪ್ಪಿಸಿಕೊಳ್ಳುತ್ತಾರೆ. (ಹುಬ್ಬಳ್ಳಿ)

27 ಪಾಯಿಂಟ್ ಖರ್ಚು ಮಾಡಿ ಅಂಕ ಕೊಳ್ಳುವ ಲೆಕ್ಕದಲ್ಲಿ ಸ್ಟ್ರೆಂತ್ 15, ಕಾನ್ಸ್ಟಿಟ್ಯೂಷನ್ (ದೇಹದ ತಾಳಿಕೆ) 14, ಇಂಟೆಲಿಜೆನ್ಸ್ 14, ಡೆಕ್ಸ್ಟೆರಿಟಿ 10, ವಿಸ್‌ಡಮ್ 10, ಕರಿಸ್ಮಾ 8. ಇದಕ್ಕೆ ಸರಿಯಾಗಿ 27 ಖರ್ಚಾಗುತ್ತದೆ. ಜನಾಂಗದ ಹೆಚ್ಚುವರಿ ಅಂಕ ಇದರ ಮೇಲೆ.

ಶತ್ರುಗಳು ತಪ್ಪಿಸಿಕೊಳ್ಳುತ್ತಿರುವ ಕಾರಣ ಇಲ್ಲೇ ಇದೆ. ಇಂಟೆಲಿಜೆನ್ಸ್ 14 ಎಂದರೆ +2 ಮಾಡಿಫೈಯರ್ (ಲೆಕ್ಕಕ್ಕೆ ಕೂಡುವ ಅಂಕ). ಮೂರನೇ ಲೆವೆಲ್‌ನಲ್ಲಿ ನಿಮ್ಮ ಮಂತ್ರದ ಡಿಸಿ (ತಪ್ಪಿಸಿಕೊಳ್ಳಲು ಶತ್ರು ದಾಳದಲ್ಲಿ ಮುಟ್ಟಬೇಕಾದ ಅಂಕ) 8, ಪರಿಣತಿಯ 2, ಇಂಟೆಲಿಜೆನ್ಸ್‌ನ 2 ಸೇರಿ ಬರೀ 12. ಇಷ್ಟನ್ನು ದಾಟುವುದು ಹೆಚ್ಚಿನ ಶತ್ರುಗಳಿಗೆ ಕಷ್ಟವಲ್ಲ. ಆದ್ದರಿಂದ ಶತ್ರುವಿನ ಸೇವಿಂಗ್ ಥ್ರೋ (ತಪ್ಪಿಸಿಕೊಳ್ಳಲು ಹಾಕುವ ದಾಳ) ಬೇಡದ ಮಂತ್ರಗಳನ್ನೇ ಆರಿಸಿ. ಮೂರನೇ ಲೆವೆಲ್‌ನಲ್ಲಿ ಎರಡು ಕ್ಯಾಂಟ್ರಿಪ್ (ಎಷ್ಟು ಸಲವಾದರೂ ಹಾಕಬಹುದಾದ ಸಣ್ಣ ಮಂತ್ರ), ಮೂರು ಮಂತ್ರ, ಎರಡು ಸ್ಲಾಟ್ (ಮಂತ್ರ ಹಾಕಿದಾಗಲೆಲ್ಲ ಒಂದು ಖರ್ಚಾಗುತ್ತದೆ). ಆ ಮೂರರಲ್ಲಿ ಎರಡು ಅಬ್ಜುರೇಷನ್ (ರಕ್ಷಣೆ) ಅಥವಾ ಇವೊಕೇಷನ್ (ಬೆಂಕಿ-ಸಿಡಿಲಿನಂಥ ಶಕ್ತಿ) ಪಂಗಡದವೇ ಆಗಿರಬೇಕು (2024ರಲ್ಲಿ ಈ ನಿರ್ಬಂಧ ತೆಗೆದಿದ್ದಾರೆ). ನಮ್ಮ ಆಯ್ಕೆ: ರಿಯಾಕ್ಷನ್‌ನಲ್ಲಿ (ಶತ್ರುವಿನ ಸರದಿಯಲ್ಲೂ ಮಾಡಬಹುದಾದ ಪ್ರತಿಕ್ರಿಯೆ) ಎಸಿಗೆ (ಹೊಡೆತ ತಾಗದಂತೆ ಕಾಯುವ ಅಂಕ) +5 ಕೊಡುವ ಶೀಲ್ಡ್, ಬೆಂಕಿ-ಸಿಡಿಲಿನ ಪೆಟ್ಟನ್ನು ಅರ್ಧಕ್ಕೆ ಇಳಿಸುವ ಅಬ್ಸಾರ್ಬ್ ಎಲಿಮೆಂಟ್ಸ್, ಮೂರನೆಯದಾಗಿ ಫಾಗ್ ಕ್ಲೌಡ್. ಕಡಲ ಮಂಜನ್ನು ಕರೆಯುವ ಯೋಧ ಎಂಬ ಚಿತ್ರ ಈ ಒಂದು ಮಂತ್ರದಿಂದಲೇ ಮೂಡುತ್ತದೆ. ಮಂಜನ್ನು ಉಳಿಸಿಕೊಳ್ಳಲು ಕಾನ್ಸಂಟ್ರೇಷನ್ ಬೇಕು. ಫೈಟರ್‌ಗೆ ಕಾನ್ಸ್ಟಿಟ್ಯೂಷನ್ ಸೇವ್‌ನಲ್ಲಿ ಪರಿಣತಿ ಇರುವುದರಿಂದ ಪೆಟ್ಟು ತಿಂದರೂ ಅದು ಸುಲಭಕ್ಕೆ ಕಳಚುವುದಿಲ್ಲ.

ಕ್ಯಾಂಟ್ರಿಪ್‌ಗಳಿಗೆ ಪಂಗಡದ ನಿರ್ಬಂಧ ಇಲ್ಲ. ಶೇಪ್ ವಾಟರ್ ತಪ್ಪದೆ ಇಟ್ಟುಕೊಳ್ಳಿ. 30 ಅಡಿಯೊಳಗೆ ಕಣ್ಣಿಗೆ ಕಾಣುವ ಐದಡಿ ಘನದಷ್ಟು ನೀರನ್ನು ಸರಿಸಬಹುದು, ಅದರಲ್ಲಿ ಜೀವಿಗಳಿಲ್ಲದಿದ್ದರೆ ಒಂದು ಗಂಟೆ ಹೆಪ್ಪುಗಟ್ಟಿಸಲೂಬಹುದು. ಇದರಿಂದ ಯಾರಿಗೂ ಪೆಟ್ಟು ಮಾಡಲು ಬರುವುದಿಲ್ಲ. ಶತ್ರುವಿನ ಮೈಯೊಳಗಿನ ರಕ್ತವನ್ನು ಹೆಪ್ಪುಗಟ್ಟಿಸುತ್ತೇನೆ ಎಂದು ಕೇಳಿದರೆ ಡಿಎಂ ಒಪ್ಪಬಾರದು. ಅದೇ ದೋಣಿಯ ತೂತಿಗೆ ಮಂಜುಗಡ್ಡೆಯ ಬೆಣೆ, ಬಾಗಿಲ ಸಂದಿಗೆ ತುಂಬಿದ ನೀರು, ಜಾರುವ ಮೆಟ್ಟಿಲು ಇವೆಲ್ಲ ಸಾಧ್ಯ.

ಒಂದು ಎಚ್ಚರಿಕೆ. ವಾಟರ್ ಬ್ರೀದಿಂಗ್ ಮೂರನೇ ಹಂತದ ಮಂತ್ರ. ಎಲ್ಡ್ರಿಚ್ ನೈಟ್‌ಗೆ ಆ ಸ್ಲಾಟ್ ಸಿಗುವುದೇ 13ನೇ ಲೆವೆಲ್‌ನಲ್ಲಿ. ರಿಚುವಲ್ ಆಗಿ, ಅಂದರೆ ಸ್ಲಾಟ್ ಖರ್ಚಿಲ್ಲದೆ ನಿಧಾನವಾಗಿ, ಹಾಕುವ ಸೌಲಭ್ಯವೂ ಅವನಿಗಿಲ್ಲ. ಅದನ್ನು ಗುಂಪಿನ ಡ್ರೂಯಿಡ್ ಅಥವಾ ವಿಜರ್ಡ್‌ಗೆ ಬಿಡಿ: ಒಮ್ಮೆ ಹಾಕಿದರೆ ಹತ್ತು ಜನರಿಗೆ 24 ಗಂಟೆ.

ಪ್ರಶ್ನೆ: ಒಂದು ಕೈಯಲ್ಲಿ ಈಟಿ, ಇನ್ನೊಂದರಲ್ಲಿ ಗುರಾಣಿ. ಶೀಲ್ಡ್ ಮಂತ್ರ ಹಾಕಲು ಕೈ ಖಾಲಿ ಇರಬೇಕಂತೆ. ಹಾಗಾದರೆ ಈ ಪಾತ್ರ ಆಡುವುದಾದರೂ ಹೇಗೆ? (ಪುಣೆ)

ಶೀಲ್ಡ್ ಮಂತ್ರಕ್ಕೆ ಮಾತೂ ಬೇಕು, ಕೈಸನ್ನೆಯೂ ಬೇಕು. ಎರಡೂ ಕೈ ತುಂಬಿದ್ದರೆ ಹಾಕಲಾಗದು. ವಾರ್ ಕ್ಯಾಸ್ಟರ್ ಫೀಟ್ (ವಿಶೇಷ ಸಾಮರ್ಥ್ಯ) ತೆಗೆದುಕೊಂಡರೆ ಆಯುಧ, ಗುರಾಣಿ ಹಿಡಿದೇ ಸನ್ನೆ ಮಾಡಬಹುದು, ಕಾನ್ಸಂಟ್ರೇಷನ್ ಸೇವ್‌ಗೆ ಅಡ್ವಾಂಟೇಜ್ (ಎರಡು ಸಲ ದಾಳ ಹಾಕಿ ದೊಡ್ಡದನ್ನು ಎಣಿಸುವುದು) ಕೂಡ ಸಿಗುತ್ತದೆ. ನಾಲ್ಕನೇ ಲೆವೆಲ್‌ನಲ್ಲಿ ಇದನ್ನೇ ತೆಗೆದುಕೊಳ್ಳಿ.

ಅಲ್ಲಿಯವರೆಗೆ ಗುರಾಣಿ ಬಿಟ್ಟು ಈಟಿಯನ್ನು ಎರಡೂ ಕೈಯಲ್ಲಿ ಹಿಡಿಯಿರಿ. ಪೆಟ್ಟು 1ಡಿ6ರಿಂದ (ಆರು ಮುಖದ ಒಂದು ದಾಳ) 1ಡಿ8ಕ್ಕೆ (ಎಂಟು ಮುಖದ್ದು) ಏರುತ್ತದೆ. ಮಂತ್ರದ ಹೊತ್ತಿಗೆ ಒಂದು ಕೈ ಸಡಿಲಿಸಿದರಾಯಿತು. ಗುರಾಣಿಯ +2 ಎಸಿ ಹೋಗುವುದು ನಿಜ, ಆದರೆ ಬೇಕಾದ ಹೊತ್ತಿಗೆ +5 ಕೈಯಲ್ಲಿರುತ್ತದೆ.

ಈ ಕ್ಲಾಸ್‌ನ ನಿಜವಾದ ಸೊಗಸು ವೆಪನ್ ಬಾಂಡ್. ಒಂದು ಗಂಟೆಯ ಆಚರಣೆಯಲ್ಲಿ ಆಯುಧವನ್ನು ತನ್ನದಾಗಿಸಿಕೊಳ್ಳುವುದು. ಇದನ್ನು ಶಾರ್ಟ್ ರೆಸ್ಟ್‌ನಲ್ಲೇ ಮುಗಿಸಬಹುದು. ಎರಡು ಆಯುಧಗಳವರೆಗೆ ಅವಕಾಶವಿದೆ. ಆಮೇಲೆ ಅದು ಎಲ್ಲೇ ಬಿದ್ದಿರಲಿ, ಅದೇ ಲೋಕದಲ್ಲಿದ್ದರೆ ಬೋನಸ್ ಆಕ್ಷನ್‌ನಲ್ಲಿ (ಸರದಿಯಲ್ಲಿ ಸಿಗುವ ಹೆಚ್ಚುವರಿ ಚಿಕ್ಕ ಕೆಲಸ) ಕೈಗೆ ಮರಳುತ್ತದೆ. ಈಟಿಯನ್ನು 20 ಅಡಿಯವರೆಗೆ ಸಲೀಸಾಗಿ, 60 ಅಡಿಯವರೆಗೆ ಡಿಸ್ಅಡ್ವಾಂಟೇಜ್‌ನಲ್ಲಿ (ಎರಡು ದಾಳದಲ್ಲಿ ಚಿಕ್ಕದನ್ನು ಎಣಿಸಿ) ಎಸೆಯಬಹುದು. ಎಸೆದು, ಕರೆದು, ಮುಂದಿನ ಸರದಿಗೆ ಮತ್ತೆ ಎಸೆಯಿರಿ. ಇದರ ಜೊತೆ ಪೋಲ್‌ಆರ್ಮ್ ಮಾಸ್ಟರ್ ಫೀಟ್ ಮಾತ್ರ ಬೇಡ. ಆ ಫೀಟ್ ಕೊಡುವ, ಈಟಿಯ ಹಿಂಬದಿಯ ಏಟಿಗೂ ಬೋನಸ್ ಆಕ್ಷನ್ನೇ ಬೇಕು, ಏಳನೇ ಲೆವೆಲ್‌ನ ವಾರ್ ಮ್ಯಾಜಿಕ್‌ಗೂ (ಕ್ಯಾಂಟ್ರಿಪ್ ಹಾಕಿ ಆಯುಧದಿಂದಲೂ ಹೊಡೆಯುವ ಸೌಲಭ್ಯ) ಅದೇ ಬೇಕು. ಸರದಿಗೆ ಸಿಗುವುದು ಒಂದೇ ಬೋನಸ್ ಆಕ್ಷನ್.

ಪ್ರಶ್ನೆ: ನೀರೊಳಗಿನ ಕಾಳಗದಲ್ಲಿ ನಮ್ಮ ದ್ವೀಪದ ವೀರನೇ ಎಲ್ಲರಿಗಿಂತ ಮೊದಲು ಸೋತ. ಎಲ್ಲಿ ಎಡವಿದೆವು? (ಮಂಗಳೂರು)

ಪತ್ರದಲ್ಲಿ ನೀವು ಬರೆದಂತೆ ಅವನ ಕೈಯಲ್ಲಿದ್ದುದು ಗದೆ. ಸೋಲಿಗೆ ಅಷ್ಟು ಸಾಕು. ಈಜುವೇಗ ಇಲ್ಲದವರು ನೀರೊಳಗೆ ಕಠಾರಿ, ಜಾವೆಲಿನ್, ಕಿರುಗತ್ತಿ, ಈಟಿ, ತ್ರಿಶೂಲ ಬಿಟ್ಟು ಬೇರೆ ಯಾವುದರಿಂದ ಹೊಡೆದರೂ ಡಿಸ್ಅಡ್ವಾಂಟೇಜ್. ನೀರನ್ನು ಸೀಳಿಕೊಂಡು ಚುಚ್ಚಬಹುದು, ಬೀಸಿ ಹೊಡೆಯಲಾಗದು ಎಂಬ ತರ್ಕ ಅದು (2024ರ ನಿಯಮ ನೇರವಾಗಿ ಪಿಯರ್ಸಿಂಗ್ (ಚುಚ್ಚುವ) ಆಯುಧಗಳಿಗೆಲ್ಲ ವಿನಾಯಿತಿ ಕೊಟ್ಟಿದೆ). ಈಜುವೇಗ ಇಲ್ಲದಿದ್ದರೆ ಒಂದಡಿಗೆ ಎರಡಡಿ ಖರ್ಚು, ಹಾಗಾಗಿ 30 ಅಡಿ ನಡೆಯುವವನು ಈಜುವುದು 15 ಅಡಿ. ಪೂರ್ತಿ ಮುಳುಗಿದವರಿಗೆ ಬೆಂಕಿಯ ಪೆಟ್ಟು ಅರ್ಧ.

ಉಸಿರು ಹಿಡಿಯುವುದು 1 + ಕಾನ್ಸ್ಟಿಟ್ಯೂಷನ್ ಮಾಡಿಫೈಯರ್ ನಿಮಿಷ. ಮೇಲಿನ ಪಾತ್ರಕ್ಕೆ ಮೂರು ನಿಮಿಷ, ಎಂದರೆ 30 ಸುತ್ತು. ಉಸಿರು ಮುಗಿದ ಮೇಲೆ ಇನ್ನೆರಡು ಸುತ್ತು, ನಂತರ ಶೂನ್ಯ ಹಿಟ್ ಪಾಯಿಂಟ್ (ಜೀವದ ಅಂಕ). ಉಸಿರು ಹಿಡಿದವನು ಮಂತ್ರ ಉಚ್ಚರಿಸುವುದು ಹೇಗೆ ಎಂಬುದನ್ನು 2014ರ ಪುಸ್ತಕ ಬಿಡಿಸಿ ಹೇಳುವುದಿಲ್ಲ. ಒಂದು ಮನೆನಿಯಮ ಸೂಚಿಸುತ್ತೇವೆ: ಮಾತು ಬೇಕಾದ ಪ್ರತಿ ಮಂತ್ರಕ್ಕೂ ಐದು ಸುತ್ತಿನಷ್ಟು ಉಸಿರು ಕಳೆಯಿರಿ. ಶೇಪ್ ವಾಟರ್, ಅಬ್ಸಾರ್ಬ್ ಎಲಿಮೆಂಟ್ಸ್ ಎರಡಕ್ಕೂ ಕೈಸನ್ನೆ ಸಾಕು, ಮಾತು ಬೇಡ. ಅವನ್ನು ಕಲಿತವನಿಗೆ ನೀರಿನಲ್ಲಿ ಮೇಲುಗೈ ತಾನಾಗಿ ಬರುತ್ತದೆ.

ಪ್ರಶ್ನೆ: ಶಾರ್ಕ್ ಹಲ್ಲಿನ ಕತ್ತಿ, ನಾರಿನ ಕವಚ ನಿಜಕ್ಕೂ ಇದ್ದವೇ? ಆಟದಲ್ಲಿ ಅವಕ್ಕೆ ಯಾವ ಅಂಕಿ ಕೊಡಬೇಕು? (ಬೆಂಗಳೂರು)

ಇದ್ದವು, ವಸ್ತುಸಂಗ್ರಹಾಲಯಗಳಲ್ಲಿ ಈಗಲೂ ನೋಡಬಹುದು. ಶಾಂತ ಸಾಗರದ ಕಿರಿಬಾತಿ ದ್ವೀಪಗಳಲ್ಲಿ ತೆಂಗಿನ ಮರದ ಅಲಗಿನ ಅಂಚಿಗೆ ಶಾರ್ಕ್ ಹಲ್ಲು ಜೋಡಿಸುತ್ತಿದ್ದರು. ಒಂದೊಂದು ಹಲ್ಲಿಗೂ ಸಣ್ಣ ತೂತು ಕೊರೆದು, ತೆಂಗಿನ ನಾರಿನ ಹುರಿಯಿಂದ ಬಿಗಿಯುತ್ತಿದ್ದರು. ಹುರಿಯಲ್ಲಿ ಕೆಲವೊಮ್ಮೆ ಮನುಷ್ಯರ ಕೂದಲನ್ನೂ ಹೆಣೆಯುತ್ತಿದ್ದರು. ಹವಾಯಿಯಲ್ಲಿ ಇದೇ ಜಾತಿಯ ಆಯುಧಕ್ಕೆ ಲೆಯೊಮಾನೊ ಎಂದು ಹೆಸರು. ಕಿರಿಬಾತಿಯ ಕತ್ತಿಗಳ ಹಲ್ಲುಗಳನ್ನು ಪರೀಕ್ಷಿಸಿ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು, ಅವುಗಳಲ್ಲಿ ಎರಡು ಜಾತಿಯ ಶಾರ್ಕ್‌ಗಳು ಈಗ ಆ ಕಡಲಲ್ಲಿ ಕಾಣುವುದಿಲ್ಲ ಎಂದು ತೋರಿಸಿತು. ಕಡಲಿನಿಂದಲೇ ಮರೆಯಾದ ಪ್ರಾಣಿಯ ಹಲ್ಲು ಪಾತ್ರದ ಕೈಯಲ್ಲಿದ್ದರೆ ಡಿಎಂಗೆ ಇಡೀ ಕಥೆಯೇ ಸಿಕ್ಕಂತೆ.

ಇಂಥ ಕತ್ತಿ ಬರಿಮೈಗೆ ಭೀಕರ, ಲೋಹದ ಕವಚಕ್ಕೆ ದುರ್ಬಲ. ಹೀಗಾಗಿ ನಮ್ಮ ಸಲಹೆ: ಸ್ಲಾಶಿಂಗ್ (ಕೊಯ್ಯುವ) ಪೆಟ್ಟು, ಬರಿಮೈ ಅಥವಾ ಚರ್ಮದ ಕವಚದ ಮೇಲೆ 1ಡಿ8, ಲೋಹದ ಮೇಲೆ 1ಡಿ4. ದಾಳದಲ್ಲಿ 1 ಬಿದ್ದರೆ ಒಂದು ಸಾಲು ಹಲ್ಲು ಕಳಚಿ ಪೆಟ್ಟು 1 ಕಡಿಮೆಯಾಗುತ್ತದೆ. ಹುರಿ ಇದ್ದರೆ ಲಾಂಗ್ ರೆಸ್ಟ್‌ನಲ್ಲಿ ರಿಪೇರಿ. ಪ್ರತಿ ಹೊಡೆತಕ್ಕೂ ರಕ್ತಸ್ರಾವದ ಲೆಕ್ಕ ಇಡುವ ನಿಯಮ ಮಾತ್ರ ಬೇಡವೇ ಬೇಡ. ಮೂರು ಶತ್ರುಗಳಾದ ಮೇಲೆ ಯಾರಿಗೆ ಎಷ್ಟು ಎಂದು ಬರೆದಿಡುವುದರಲ್ಲೇ ಆಟ ನಿಂತುಬಿಡುತ್ತದೆ.

ಆ ಹಲ್ಲುಗಳಿಂದ ಮೈ ಉಳಿಸಿಕೊಳ್ಳಲೆಂದೇ ಕಿರಿಬಾತಿಯವರು ತೆಂಗಿನ ನಾರನ್ನು ದಪ್ಪಗೆ ನೇಯ್ದು ಕವಚ ಮಾಡುತ್ತಿದ್ದರು. ಬೆನ್ನಿನ ಭಾಗ ತಲೆಗಿಂತ ಎತ್ತರಕ್ಕೆ ನಿಲ್ಲುತ್ತಿತ್ತು, ಹಿಂದಿನಿಂದ ಬರುವ ಕಲ್ಲೇಟು ತಡೆಯಲು. ತಲೆಗೆ ಮುಳ್ಳುಮೀನಿನ ಒಣಗಿಸಿದ ಚರ್ಮದ ಟೋಪಿ. ಆಟದಲ್ಲಿ ಇದಕ್ಕೆ ಹೊಸ ಕೋಷ್ಟಕ ಬರೆಯಬೇಡಿ. ಚೈನ್ ಮೇಲ್‌ನ (ಲೋಹದ ಬಳೆಗಳ ಕವಚ) ಎಸಿ 16 ಇಟ್ಟು, ಹೆಸರು, ರೂಪ ಬದಲಿಸಿ. ಸ್ಟೆಲ್ತ್‌ಗೆ (ಸದ್ದಿಲ್ಲದೆ ಸಾಗಲು) ಡಿಸ್ಅಡ್ವಾಂಟೇಜ್ ಹೇಗೂ ಇದೆ, ಅಷ್ಟು ದಪ್ಪದ ಕವಚಕ್ಕೆ ಅದು ನ್ಯಾಯವೇ.

ಪ್ರಶ್ನೆ: ಪಾತ್ರಕ್ಕೆ ಮಾವೊರಿ ಜನರ ಪದಗಳನ್ನೂ ಮುಖದ ಹಚ್ಚೆಯನ್ನೂ ಬಳಸಬಹುದೇ? ಅಥವಾ ನಮ್ಮದೇ ಅಂಡಮಾನ್ ಆದರೆ ಒಳ್ಳೆಯದೇ? (ಧಾರವಾಡ)

ಹೆಸರು, ಹಚ್ಚೆಗಳನ್ನು ಎತ್ತಿಕೊಳ್ಳಬೇಡಿ. ಸಮಾಜ ನಡೆಯುವ ರೀತಿಯಿಂದ ಕಲಿಯಿರಿ. ಮಾವೊರಿ ಮುಖದ ಹಚ್ಚೆ ಆ ವ್ಯಕ್ತಿಯ ವಂಶಾವಳಿಗೆ ಸೇರಿದ್ದು, ಅಲಂಕಾರವಲ್ಲ. 2001ರಲ್ಲಿ ಲೆಗೊ ಕಂಪನಿ ತನ್ನ ಬಯೊನಿಕಲ್ ಆಟಿಕೆಗಳಿಗೆ ಪಾಲಿನೇಷ್ಯದ ಪದಗಳನ್ನು ಬಳಸಿದಾಗ ಮಾವೊರಿಗಳು ಆಕ್ಷೇಪಿಸಿದರು. ಪವಿತ್ರ ವಿದ್ಯೆಯ ಪರಿಣತರನ್ನು ಸೂಚಿಸುವ 'ತೊಹುಂಗ' ಎಂಬ ಪದವೂ ಅವುಗಳಲ್ಲಿತ್ತು, ಅದನ್ನು ಕಂಪನಿ ಆಮೇಲೆ ಬದಲಿಸಿತು. ನಿಮ್ಮ ಜಗತ್ತಿಗೆ ನೀವೇ ಹೆಸರು ಕಟ್ಟಿ.

ಕಲಿಯಲು ಸಿಗುವುದಂತೂ ಬೇಕಾದಷ್ಟಿದೆ. ಮಾವೊರಿ ಸಂಪ್ರದಾಯದಲ್ಲಿ ತೀವ್ರ ಮಡಿಯ ಸ್ಥಿತಿಯಲ್ಲಿರುವವರು ಆಹಾರವನ್ನು ಕೈಯಿಂದ ಮುಟ್ಟುತ್ತಿರಲಿಲ್ಲ, ಬೇರೆಯವರು ಉಣಿಸುತ್ತಿದ್ದರು. ಆ ಸ್ಥಿತಿಯನ್ನು ಕಳೆಯುವ ವಿಧಿಗಳಲ್ಲಿ ನೀರಿಗೆ ಸ್ಥಾನವಿತ್ತು. ಇದರಿಂದ ಒಂದು ನಿಯಮ ಹೊಳೆಯುತ್ತದೆ. ಸ್ಲಾಟ್ ಖರ್ಚಾಗುವ ಮಂತ್ರ ಹಾಕಿದವನು ಇಂಥ ಮಡಿಯ ಕಟ್ಟುಪಾಡಿಗೆ ಒಳಗಾಗುತ್ತಾನೆ. ಆಮೇಲೆ ಅವನು ತಾನಾಗಿ ಹೀಲಿಂಗ್ ಪೋಶನ್ ಕುಡಿಯುವಂತಿಲ್ಲ, ಜೊತೆಗಾರರೊಬ್ಬರು ತಮ್ಮ ಆಕ್ಷನ್ ಕೊಟ್ಟು ಕುಡಿಸಬೇಕು. ಹರಿಯುವ ನೀರಿನಲ್ಲಿ ಹತ್ತು ನಿಮಿಷದ ವಿಧಿ ಮಾಡಿದರೆ ಕಟ್ಟು ಬಿಡುತ್ತದೆ. ಶಕ್ತಿ ಬಳಸಿದಷ್ಟೂ ಅವನು ತನ್ನವರನ್ನು ಹೆಚ್ಚು ನೆಚ್ಚಬೇಕಾಗುತ್ತದೆ. ಈ ಪಾತ್ರಕ್ಕೆ ಇದಕ್ಕಿಂತ ಒಳ್ಳೆಯ ನಿಯಮ ನಮಗೆ ತೋಚುತ್ತಿಲ್ಲ.

ಅಂಡಮಾನಿನ ಜಾರವಾ, ಸೆಂಟಿನೆಲಿ ಜನರನ್ನು ಆಟದ ಪಾತ್ರ ಮಾಡಬೇಡಿ. ಅವರು ಇಂದು ಬದುಕಿರುವ, 1956ರ ಕಾಯಿದೆಯ ರಕ್ಷಣೆಯಲ್ಲಿರುವ ಚಿಕ್ಕ ಸಮುದಾಯಗಳು, ಬಾಣ ಬಿಡುವ ಭಯಂಕರರು ಎಂಬ ಚಿತ್ರ ಈಗಾಗಲೇ ಅವರ ಮೇಲೆ ಸಾಕಷ್ಟು ಹೇರಲ್ಪಟ್ಟಿದೆ. ಆದರೆ 2004ರ ಸುನಾಮಿಯಲ್ಲಿ ಲಿಟಲ್ ಅಂಡಮಾನಿನ ಓಂಗೆ ಜನ ಕಡಲು ಹಿಂದೆ ಸರಿದುದನ್ನು ಕಂಡು ಎತ್ತರದ ಜಾಗಕ್ಕೆ ಹೋಗಿ ಉಳಿದರು. ಕಡಲನ್ನು ಓದುವ ಆ ಜ್ಞಾನವನ್ನು ನಿಮ್ಮ ಕಲ್ಪನೆಯ ಜನರಿಗೆ ಕೊಡಿ.

ಪ್ರಶ್ನೆ: ಸಮುದ್ರಯಾನದ ದೃಶ್ಯಗಳು ಸಪ್ಪೆಯಾಗುತ್ತವೆ. ಒಂದು ಸರ್ವೈವಲ್ ರೋಲ್ (ದಾರಿ ಹುಡುಕಿ ಬದುಕುಳಿಯುವ ಕೌಶಲದ ದಾಳ), ಅಲ್ಲಿಗೆ ದಡ. (ಉಡುಪಿ)

ದಾರಿ ಕಾಣುವ ವಿದ್ಯೆಯನ್ನೇ ಮಂತ್ರದಷ್ಟು ಗಂಭೀರವಾಗಿ ಆಡಿಸಿ. 1976ರಲ್ಲಿ ಹೋಕುಲೆಅ ಎಂಬ ಜೋಡಿ ದೋಣಿ ಹವಾಯಿಯಿಂದ ತಾಹಿತಿಗೆ ಯಾವ ಉಪಕರಣವೂ ಇಲ್ಲದೆ ತಲುಪಿತು. ದಾರಿ ತೋರಿದವರು ಮೈಕ್ರೊನೇಷ್ಯದ ಸತವಾಲ್ ದ್ವೀಪದ ಮೌ ಪಿಯಾಲುಗ್. ನಕ್ಷತ್ರ ಹುಟ್ಟುವ, ಮುಳುಗುವ ಜಾಗ, ದೂರದಿಂದ ಬರುವ ಅಲೆಯ ಉಬ್ಬು ದೋಣಿಗೆ ತಾಗುವ ಬಗೆ, ಸಂಜೆ ಗೂಡಿಗೆ ಮರಳುವ ಹಕ್ಕಿ ಇವೇ ಅವರ ಗುರುತುಗಳು.

ದಿನಕ್ಕೊಂದು ರೋಲ್ ಇಡಿ: ತಿಳಿ ಆಕಾಶಕ್ಕೆ ಡಿಸಿ 10, ಅರ್ಧ ಮೋಡಕ್ಕೆ 15, ಪೂರ್ತಿ ಮುಚ್ಚಿದ್ದರೆ ಬರೀ ಅಲೆಯ ಮೇಲೆ 20. ಸೋತರೆ ಎಷ್ಟು ದಾರಿ ತಪ್ಪಿತು ಎಂದು ಡಿಎಂ ಆಗಲೇ ಹೇಳಬಾರದು, ನಕ್ಷೆಯಲ್ಲಿ ಒಂದು ಮನೆ ಪಕ್ಕಕ್ಕೆ ಸರಿಸಿ ಸುಮ್ಮನಿರಬೇಕು. ಮಾರ್ಷಲ್ ದ್ವೀಪಗಳವರು ಅಲೆಗಳ ನಡೆಯನ್ನು ಕಡ್ಡಿಗಳಲ್ಲಿ ಕಟ್ಟಿದ ನಕ್ಷೆ ಮಾಡಿ, ದಡದಲ್ಲೇ ಬಾಯಿಪಾಠ ಮಾಡಿಕೊಂಡು, ನಕ್ಷೆಯನ್ನು ಮನೆಯಲ್ಲೇ ಬಿಟ್ಟು ಹೊರಡುತ್ತಿದ್ದರು. ಹೊರಡುವ ಹಿಂದಿನ ರಾತ್ರಿ ಅಂಥ ನಕ್ಷೆಯ ಮುಂದೆ ಕೂತ ಪಾತ್ರಕ್ಕೆ ಆ ಯಾನದಲ್ಲಿ ಒಂದು ರೋಲ್‌ಗೆ ಅಡ್ವಾಂಟೇಜ್ ಕೊಡಿ. ಯಾವ ದಿನಕ್ಕೆ ಬಳಸಬೇಕೆಂಬುದು ಆಟಗಾರರ ಆಯ್ಕೆ.