ರೇಷನ್ ಅಕ್ಕಿಯಲ್ಲಿ ತೇಲುವ ಕಾಳು ಪ್ಲಾಸ್ಟಿಕ್ಕಾ? ಐದು ತಿಂಗಳ ಬಸುರಿ ಹೆಂಡತಿಗೆ ಕೊಡಬಹುದಾ?

ಪ್ಲಾಸ್ಟಿಕ್ ಅಲ್ಲ. ದಯವಿಟ್ಟು ಆರಿಸಿ ಎಸೆಯಬೇಡಿ.

ಉಡುಪಿ ಹತ್ತಿರದ ಅಂಗನವಾಡಿಯೊಂದರಲ್ಲಿ 16 ವರ್ಷದಿಂದ ಟೀಚರ್ ಆಗಿದ್ದೇನೆ. ಹೋದ ಆಟಿಯಲ್ಲಿ, ಅಂದರೆ ತುಳುನಾಡಿನ ಮಳೆಗಾಲದ ತಿಂಗಳಲ್ಲಿ, ಒಬ್ಬಳು ಬಸುರಿ ಇದೇ ಕಾಳುಗಳನ್ನು ಹೆಕ್ಕಿ, ಪ್ಲಾಸ್ಟಿಕ್ ತೊಟ್ಟೆಯಲ್ಲಿ ಕಟ್ಟಿ ತಂದು ನನ್ನ ಮುಂದಿಟ್ಟಳು. ಬಸುರಿಯ ತಪಾಸಣೆ ಬರೆದಿಡುವ ತಾಯಿ ಕಾರ್ಡ್ ತೆರೆದು ನೋಡಿದರೆ ಹಿಮೋಗ್ಲೋಬಿನ್ ಬರೀ 8, ರಕ್ತ ತೀರಾ ಕಡಿಮೆ. ತನಗೆ ಬೇಕಾದದ್ದನ್ನೇ ಅವಳು ಹೆಕ್ಕಿ ತೆಗೆದಿದ್ದಳು. ಕರುಳು ಚುರುಕ್ ಎಂದಿತು.

ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣಾಂಶ, ಫೋಲಿಕ್ ಆಸಿಡ್, ಬಿ12 ಸೇರಿಸಿ ಯಂತ್ರದಲ್ಲಿ ಅಕ್ಕಿಯ ಆಕಾರಕ್ಕೆ ಒತ್ತುತ್ತಾರೆ; ನೂರು ಕಾಳಿಗೆ ಒಂದರಂತೆ ಮಾಮೂಲಿ ಅಕ್ಕಿಗೆ ಬೆರೆಸುತ್ತಾರೆ. ಹಿಟ್ಟಿನಿಂದ ಮಾಡಿದ್ದಲ್ವಾ, ಬಣ್ಣ ಸ್ವಲ್ಪ ಬೇರೆ, ಕೆಲವು ನೀರಿನಲ್ಲಿ ತೇಲುತ್ತವೆ. ಅನುಮಾನವಿದ್ದರೆ ಆ ಕಾಳನ್ನೇ ಬೇಯಿಸಿ ಬೆರಳಲ್ಲಿ ಹಿಚುಕಿ, ಅನ್ನದ ಹಾಗೇ ಮೆತ್ತಗಾಗುತ್ತದೆ. ಅಕ್ಕಿಯನ್ನು ನಾಲ್ಕೈದು ಸಲ ತಿಕ್ಕಿ ತೊಳೆಯಬೇಡಿ, ಗಂಜಿಯ ತಿಳಿಯನ್ನು ಚೆಲ್ಲಬೇಡಿ. ಥಲಸ್ಸೇಮಿಯಾ ಅಥವಾ ಸಿಕಲ್ ಸೆಲ್ ಎಂಬ ರಕ್ತದ ಕಾಯಿಲೆ ಇದ್ದವರು ಮಾತ್ರ ಮೊದಲು ಡಾಕ್ಟರನ್ನು ಕೇಳಬೇಕು.

ಆದರೆ ಅಕ್ಕಿಯೊಂದೇ ಸಾಲದು. ಗದಗದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರು, ಮಣಿಪಾಲದಲ್ಲಿ ಬಾಡಿಗೆ ರೂಮು ಎಂದು ಬರೆದಿದ್ದೀರಿ. ನಿಮ್ಮ ಊರಿನ ಕಾರ್ಡಿಗೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಅಕ್ಕಿ ಸಿಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಮಾತೃಪೂರ್ಣ. 2017ರ ಅಕ್ಟೋಬರ್ 2ರಿಂದ ನಡೆಯುತ್ತಿರುವ ಈ ಯೋಜನೆಯಲ್ಲಿ ಬಸುರಿಯರಿಗೂ ಬಾಣಂತಿಯರಿಗೂ ಅಂಗನವಾಡಿಯಲ್ಲಿ ಮಧ್ಯಾಹ್ನದ ಊಟವಿದೆ: ಅನ್ನ, ತರಕಾರಿ ಸಾಂಬಾರು, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ. ಹೊರಗಿನಿಂದ ಬಂದ ಹೆಂಗಸರು ಬರಲು ಹಿಂಜರಿಯುತ್ತಾರೆ. ಇಲ್ಲಿ ಎಲ್ಲರೂ ತುಳು ಮಾತಾಡುತ್ತಾರೆ, ನಾವು ಬೇರೆಯವರು, ಬಿಟ್ಟಿ ಊಟಕ್ಕೆ ಕೂತರೆ ಯಾರು ಏನಂದುಕೊಳ್ಳುತ್ತಾರೋ ಎಂಬ ಅಳುಕು. ಅದು ಬಿಟ್ಟಿಯಲ್ಲ, ಅವರ ಹೊಟ್ಟೆಯಲ್ಲಿರುವ ಮಗುವಿನ ಹಕ್ಕಿನ ಊಟ. ನಿಮ್ಮ ಹೆಂಡತಿಗೆ ಇದನ್ನು ಹೀಗೇ ಹೇಳಿ.

ಮೀನು ತಿನ್ನುವವರಾದರೆ ಬೂತಾಯಿ ಎಂಬ ಸಣ್ಣ ಮೀನು ತನ್ನಿ. ದೊಡ್ಡ ಮೀನು ಅಂಜಲ್‌ನ ಬೆಲೆ ಕೇಳಿ ಹೆದರಬೇಡಿ, ಬೂತಾಯಿ ಅಗ್ಗ. ಚೆನ್ನಾಗಿ ಬೇಯಿಸಿದರೆ ಸಣ್ಣ ಮುಳ್ಳೂ ಮೆತ್ತಗಾಗಿ ಸುಣ್ಣದಂಶ ಸಿಗುತ್ತದೆ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವುದಿಲ್ಲ, ಮೀನು ತುಟ್ಟಿ. ಆಗ ಹುರುಳಿ ಸಾರು, ಹರಿವೆ ಸೊಪ್ಪು, ಬಸಳೆ. ಊಟಕ್ಕೆ ಲಿಂಬೆ ಹಿಂಡಿಕೊಂಡರೆ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ. ಊಟದ ಬೆನ್ನಿಗೇ ಚಹಾ ಕುಡಿದರೆ ಅಷ್ಟಾಗಿ ಹತ್ತುವುದಿಲ್ಲ. ಕಬ್ಬಿಣದ ಮಾತ್ರೆ, ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗದೆ ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಲಿ.

ಮೊದಲ ದಿನ ಹೆಂಡತಿಯನ್ನು ಅಂಗನವಾಡಿಗೆ ಒಬ್ಬರೇ ಕಳಿಸಬೇಡಿ. ಅರ್ಧ ದಿನ ರಜೆ ಹಾಕಿ ನೀವೇ ಜೊತೆಗೆ ಹೋಗಿ ಹೆಸರು ಬರೆಸಿ. ತಾಯಿ ಕಾರ್ಡ್ ಮರೆಯಬೇಡಿ.