ಪ್ರತಿಕ್ರಿಯೆ: ಕಾರ್ಲ್‌ಸನ್ ಟ್ರೇಡ್ ತಿರಸ್ಕೃತವಾಗುತ್ತಿರುವ ಬಗ್ಗೆ

ಐಸ್ ಹಾಕಿ ಆಟಗಾರ ಎರಿಕ್ ಕಾರ್ಲ್‌ಸನ್‌ರ ವೇತನದಲ್ಲಿ, ಅವರನ್ನು ಬಿಟ್ಟುಕೊಡುವ ಪಿಟ್ಸ್‌ಬರ್ಗ್ ತಂಡ ಅರ್ಧವನ್ನೂ ಮಧ್ಯವರ್ತಿ ತಂಡವೊಂದು ಉಳಿದದ್ದರಲ್ಲಿ ಅರ್ಧವನ್ನೂ ಹೊರುವಂತೆ ನೀವು ಹೆಣೆದ ಟ್ರೇಡನ್ನು (ಆಟಗಾರರ ವಿನಿಮಯವನ್ನು) ಹಾಕಿ ತಂಡ ನಡೆಸುವ ನಿಮ್ಮ ಆಟದ ತಂತ್ರಾಂಶ ಒಪ್ಪದಿರಲು ಕಾರಣ, ಬಹುಮಟ್ಟಿಗೆ, ಅವರ ಹಿಂದಿನ ತಂಡ ಸ್ಯಾನ್ ಹೋಸೆಯ ಹಳೆಯ ಪಾಲನ್ನು ನೀವು ಲೆಕ್ಕಕ್ಕೆ ಹಿಡಿಯದಿರುವುದು. 2023ರ ಆಗಸ್ಟ್‌ನಲ್ಲಿ ಅವರನ್ನು ಬಿಟ್ಟುಕೊಡುವಾಗ ಆ ತಂಡವು ವಾರ್ಷಿಕ 1.15 ಕೋಟಿ ಡಾಲರಿನಲ್ಲಿ ಸುಮಾರು 15 ಲಕ್ಷವನ್ನು ತನ್ನ ತಲೆಯ ಮೇಲೆಯೇ ಇಟ್ಟುಕೊಂಡಿತು. ಎನ್‌ಎಚ್‌ಎಲ್ ಎಂಬ ಉತ್ತರ ಅಮೆರಿಕದ ಐಸ್ ಹಾಕಿ ಲೀಗ್‌ನಲ್ಲಿ ಒಂದೇ ಒಪ್ಪಂದದ ವೇತನವನ್ನು ಹೀಗೆ ಎರಡು ಬಾರಿಗಿಂತ ಹೆಚ್ಚು ಹಂಚಲು ಅವಕಾಶವಿಲ್ಲ. ಸ್ಯಾನ್ ಹೋಸೆ ಒಂದು, ಪಿಟ್ಸ್‌ಬರ್ಗ್ ಎರಡು, ಅಲ್ಲಿಗೆ ಮುಗಿಯಿತು.

ಆದ್ದರಿಂದ ಮೊದಲು ಮಧ್ಯವರ್ತಿ ತಂಡವನ್ನು ಕೈಬಿಡಿ. ಬಳಿಕ ಅರ್ಧವನ್ನು 1.15 ಕೋಟಿಯ ಮೇಲಲ್ಲ, ಪಿಟ್ಸ್‌ಬರ್ಗ್‌ನ ಪಾಲಾದ 1 ಕೋಟಿಯ ಮೇಲೆ ಲೆಕ್ಕಹಾಕಿ. ಪಡೆಯುವ ತಂಡಕ್ಕೆ 50 ಲಕ್ಷ ಬೀಳುತ್ತದೆ, ಅಷ್ಟು ಜಾಗ ಅದರ ವೇತನ ಮಿತಿಯಲ್ಲಿ (ತಂಡವೊಂದು ಆಟಗಾರರ ವೇತನಕ್ಕೆ ವೆಚ್ಚ ಮಾಡಬಹುದಾದ ಗರಿಷ್ಠ ಮೊತ್ತದಲ್ಲಿ) ಇರಬೇಕು, ಇಲ್ಲವೇ ಅಷ್ಟು ವೇತನದ ಆಟಗಾರರನ್ನು ಮರಳಿ ಕಳುಹಿಸಬೇಕು. ಆಮೇಲೆ ಪಿಟ್ಸ್‌ಬರ್ಗ್‌ನ ಪುಟ ತೆರೆದು ನೋಡಿ: ಒಂದು ತಂಡ ಏಕಕಾಲಕ್ಕೆ ಬಿಟ್ಟುಕೊಟ್ಟ ಆಟಗಾರರ ಇಂತಹ ಮೂರು ಒಪ್ಪಂದಗಳ ಪಾಲನ್ನು ಮಾತ್ರ ಹೊರಬಹುದು, ಆ ಪಾಲುಗಳ ಮೊತ್ತವೂ ವೇತನ ಮಿತಿಯ ಶೇ. 15ನ್ನು ದಾಟಬಾರದು.

ಇಷ್ಟಾದರೂ ತಿರಸ್ಕೃತವಾದರೆ, ಆಟಗಾರನ ಒಪ್ಪಿಗೆಯಿಲ್ಲದೆ ವರ್ಗಾಯಿಸಲಾಗದ ಷರತ್ತು ಅಡ್ಡಬಂದಿರಬಹುದು. ನಿಮ್ಮ ಲೀಗ್ ಅದನ್ನು ಪಾಲಿಸುತ್ತದೆಯೇ ಎಂದು ನಿರ್ವಾಹಕರನ್ನು ಕೇಳಿ. ಅಂದಹಾಗೆ, 1990ರಲ್ಲಿ ಹುಟ್ಟಿದ ರಕ್ಷಣಾ ಆಟಗಾರನಿಗೆ ಮೊದಲ ಸುತ್ತಿನ ಆಯ್ಕೆ (ಹೊಸ ಆಟಗಾರರ ವಾರ್ಷಿಕ ಡ್ರಾಫ್ಟ್‌ನಲ್ಲಿ ಆರಿಸುವ ಹಕ್ಕು) ಕೊಡುವುದು ದುಬಾರಿಯೆಂಬ ನಿಮ್ಮ ಗೆಳೆಯರ ವಾದ ಪೂರ್ಣ ವೇತನಕ್ಕೆ ಸರಿ. ಅರ್ಧ ವೇತನವನ್ನು ಮಾರುವವರೇ ಹೊರುವಾಗ ಅವರು ಅಷ್ಟನ್ನು ಕೇಳುವುದು ಸಹಜ.