ಸೊಂಟನೋವಿಗೆ ಐದನೇ ಡಾಕ್ಟರನ್ನು ಹುಡುಕುವಾಗ

ಅಣ್ಣಾ, ನಿಮ್ಮ ಪೋಸ್ಟ್ ಓದಿದೆ. ಅಮ್ಮನಿಗೆ ಎರಡು ವರ್ಷದಿಂದ ಸೊಂಟನೋವು, ನಾಲ್ಕು ಡಾಕ್ಟರಿಗೆ ತೋರಿಸಿದ್ದಾಯ್ತು, ಸ್ಕ್ಯಾನಿನಲ್ಲಿ ಡಿಸ್ಕ್ (ಬೆನ್ನುಮೂಳೆಗಳ ನಡುವಿನ ಮೆತ್ತೆ) ಸ್ವಲ್ಪ ಉಬ್ಬಿದೆ ಅಂತ ಬಂತು, "ವಯಸ್ಸಾಯ್ತಲ್ಲ" ಅಂದರು, ಈಗ ದೊಡ್ಡ ಆಸ್ಪತ್ರೆಗೆ ಹೋಗಲಾ ಅಂತ ಕೇಳಿದ್ದೀರಿ. ಎಣ್ಣೆ, ಬೆಲ್ಟು ಎಲ್ಲ ಆಗಲೇ ಬೇರೆಯವರು ಹೇಳಿದ್ದಾರೆ. ನಾನು ಹೇಳುವುದು ಇಷ್ಟೇ: ಅಮ್ಮನ ಮಾತನ್ನು ಪೂರ್ತಿ ಕೇಳುವ ಡಾಕ್ಟರನ್ನು ಹುಡುಕಿ. ಊರಲ್ಲೇ ಸಿಕ್ಕರೂ ಸರಿ.

ಸುಮ್ನೆ ಸಮಾಧಾನಕ್ಕೆ ಹೇಳುತ್ತಿಲ್ಲ. ಟೆಕ್ಸಾಸ್‌ನ ಸಂಶೋಧಕರು ಅಮೆರಿಕದಲ್ಲಿ ಹಳೇ ಸೊಂಟನೋವಿರುವ 1,470 ಜನರನ್ನು ಒಂದು ವರ್ಷ ಗಮನಿಸಿ 2024ರಲ್ಲಿ ವರದಿ ಕೊಟ್ಟರು. ಡಾಕ್ಟರ್ ಕಿವಿಗೊಟ್ಟು ಕೇಳುತ್ತಾರಾ, ಬಿಡಿಸಿ ಹೇಳುತ್ತಾರಾ ಅಂತ ರೋಗಿಗಳಿಂದಲೇ ಅಂಕ ಹಾಕಿಸಿದ್ದರು. ಜಾಸ್ತಿ ಅಂಕ ಪಡೆದ ಡಾಕ್ಟರ ರೋಗಿಗಳಿಗೆ ನೋವು ಕಮ್ಮಿ, ಕೆಲಸಕಾರ್ಯವೂ ಸಲೀಸು. ಬಲವಾದ ನೋವಿನ ಮಾತ್ರೆ, ಬೆನ್ನಿನ ಆಪರೇಷನ್ ಇವುಗಳಿಗಿಂತಲೂ ಈ ಒಂದು ವಿಷಯಕ್ಕೆ ಸುಧಾರಣೆಯ ಜೊತೆ ಹೆಚ್ಚು ನಂಟು ಕಂಡಿತು. ನೋವು ಇಳಿದವರೇ ಡಾಕ್ಟರಿಗೆ ಒಳ್ಳೇ ಅಂಕ ಕೊಟ್ಟಿರಲೂಬಹುದು, ಅದನ್ನೂ ಹೇಳಿಬಿಡುತ್ತೇನೆ.

ಆದರೆ 2008ರಲ್ಲಿ ಹಾರ್ವರ್ಡ್‌ನವರು ಇದನ್ನೇ ಪರೀಕ್ಷೆಗೆ ಹಚ್ಚಿದ್ದರು. ಹಳೇ ಕರುಳುಬೇನೆಯ 262 ಜನ. ಕೆಲವರಿಗೆ ಚಿಕಿತ್ಸೆ ಇಲ್ಲ, ಕಾಯಿಸಿದರು. ಉಳಿದವರಿಗೆ ಅಕ್ಯುಪಂಕ್ಚರ್ (ಸೂಜಿ ಚುಚ್ಚುವ ಚಿಕಿತ್ಸೆ) ಅಂತ ಹೇಳಿ ಚರ್ಮಕ್ಕೇ ಇಳಿಯದ ಸುಳ್ಳು ಸೂಜಿ. ಅದರಲ್ಲೂ ಅರ್ಧ ಜನರಿಗೆ ಮಾತೇ ಕಮ್ಮಿ, ಇನ್ನರ್ಧ ಜನರ ಹತ್ತಿರ ಕೂತು ಅಕ್ಕರೆಯಿಂದ ವಿಚಾರಿಸಿದರು. ಮೂರು ವಾರಕ್ಕೆ ಸಾಕಷ್ಟು ಆರಾಮ ಅಂದವರು ಕ್ರಮವಾಗಿ ನೂರಕ್ಕೆ 28, 44, 62.

ನನ್ನದೇ ಕಥೆ ಕೇಳಿ. ಅಡಿಕೆ ಸುಲಿಯುವ ಕಾಲದಲ್ಲಿ ಮೆಟ್ಟುಗತ್ತಿ ಮುಂದೆ ಹತ್ತು ನಿಮಿಷ ಕೂರಲಾಗುತ್ತಿರಲಿಲ್ಲ. ಒಬ್ಬ ಡಾಕ್ಟರು ಸ್ಕ್ಯಾನನ್ನು ಬೆಳಕಿಗೆ ಹಿಡಿದು "ಡಿಸ್ಕ್ ಹೋಗಿದೆ" ಅಂದುಬಿಟ್ಟರು. ಆ ಮಾತು ಕೇಳಿ ನಾನು ಬಗ್ಗುವುದನ್ನೇ ಬಿಟ್ಟೆ. ಬೆನ್ನು ಇನ್ನಷ್ಟು ಬಿಗಿಯಿತು. ಆಮೇಲೆ ಸಿಕ್ಕ ಡಾಕ್ಟರಮ್ಮ "ಹೇಗೆ ಕೂರ್ತೀರಿ, ತೋರಿಸಿ" ಅಂತ ನೆಲದ ಮೇಲೆ ಕೂರಿಸಿದರು. ತಾವೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು, ನೋವಿರುವ ಜಾಗಕ್ಕೆ ಕೈಯಿಟ್ಟರು. "ನೋವು ನಿಜ. ಆದರೆ ಬೆನ್ನು ಗಟ್ಟಿಯಿದೆ, ಬಗ್ಗಿದರೆ ಮುರಿಯಲ್ಲ" ಅಂದರು. ನೋವೇ ಇಲ್ಲದ ಐವತ್ತರ ಆಸುಪಾಸಿನವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನರ ಡಿಸ್ಕ್ ಸ್ಕ್ಯಾನಿನಲ್ಲಿ ಉಬ್ಬಿರುತ್ತದೆ ಅಂತ ಬಿಡಿಸಿ ಹೇಳಿದರು. ಮಾತ್ರೆಯನ್ನು ನಾನೇ ನಿಲ್ಲಿಸಿದ್ದನ್ನು ಅವರ ಹತ್ತಿರ ಮಾತ್ರ ಬಾಯಿಬಿಟ್ಟೆ. ಅವರು ಹೇಳಿದ ವ್ಯಾಯಾಮ ಧೈರ್ಯವಾಗಿ ಮಾಡಿದೆ. ನೋವು ಪೂರ್ತಿ ಹೋಗಿಲ್ಲ, ಆದರೆ ಈಗ ಒಂದು ಗಂಟೆ ಕೂರುತ್ತೇನೆ.

ಡಾಕ್ಟರ ಕಷ್ಟವೂ ಇದೆ ಅಲ್ವಾ, ಹೊರಗೆ ಐವತ್ತು ಜನ ಕಾಯುತ್ತಿರುತ್ತಾರೆ. ಹಾಗಾಗಿ ರಶ್ ಕಮ್ಮಿ ಇರುವ ಹೊತ್ತು ಕೇಳಿಕೊಂಡು ಹೋಗಿ. ಒಂದು ಚೀಟಿಯಲ್ಲಿ ಯಾವಾಗ ಶುರುವಾಯ್ತು, ಏನೇನು ಮಾತ್ರೆ ತಗೊಂಡರು, ಯಾವ ಕೆಲಸ ಆಗುತ್ತಿಲ್ಲ ಅಂತ ಬರೆಯಿರಿ. "ತುಂಬಾ ನೋವು" ಅನ್ನುವುದಕ್ಕಿಂತ "ಹಾಲು ಕರೆಯಲು ಕೂತರೆ ಏಳಲಾಗಲ್ಲ" ಅಂದರೆ ಡಾಕ್ಟರಿಗೆ ಬೇಗ ತಿಳಿಯುತ್ತದೆ. ಅಮ್ಮನಿಗೆ ಒಳಗೊಳಗೆ ಏನು ಭಯ ಅಂತಲೂ ಕೇಳಿ ಬರೆದುಕೊಳ್ಳಿ. ಒಬ್ಬರು ಸರಿ ಅನ್ನಿಸಿದರೆ ಕೆಲವು ತಿಂಗಳು ಅವರನ್ನೇ ನೆಚ್ಚಿ.

ಮೂತ್ರ ಹಿಡಿತ ತಪ್ಪಿದರೆ, ತೊಡೆಸಂದು ಜೋಮು ಹಿಡಿದರೆ, ಕಾಲು ಸೋತರೆ ಇದೆಲ್ಲ ಬಿಟ್ಟು ತಕ್ಷಣ ದೊಡ್ಡ ಆಸ್ಪತ್ರೆಗೇ ಹೋಗಿ.

ಇನ್ನೊಂದು ಮಾತು. ಒಳಗೆ ಹೋದಾಗ ನೀವು ಮಾತಾಡಬೇಡಿ ಅಣ್ಣಾ. ಚೀಟಿ ಹಿಡಿದು ಪಕ್ಕದಲ್ಲಿ ಕೂತಿರಿ, ಅಮ್ಮನೇ ಹೇಳಲಿ.